ಊರಿಗೆ ಬಂದರೂ ಆಫೀಸು ಬಿಡಲಿಲ್ಲ: ಮಲೆನಾಡಲ್ಲಿ ಕೂತು ದುಡಿಯುವವರಿಗೆ

[ತೆರೆಯ ಮೇಲೆ: ಮಳೆಯಲ್ಲಿ ತೀರ್ಥಹಳ್ಳಿ ಕಡೆಯ ರಸ್ತೆ. ಹಿನ್ನೆಲೆಯಲ್ಲಿ ಮೀಟಿಂಗ್ ಕಾಲ್ ರಿಂಗಾಗುವ ಸದ್ದು.]

ನಮಸ್ಕಾರ. ಬೆಂಗಳೂರಿನ ಟ್ರಾಫಿಕ್ಕೂ ಬೇಡ, ಬಾಡಿಗೆಯೂ ಬೇಡ ಅಂತ ಲ್ಯಾಪ್‌ಟಾಪ್ ಹಿಡ್ಕೊಂಡು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆ ಬಂದವರು ನಮ್ಮ ಸುತ್ತ ಸಾಕಷ್ಟು ಜನ ಇದ್ದಾರೆ. 2020ರ ಲಾಕ್‌ಡೌನಿಗೆ ಬಂದ ಕೆಲವರು ವಾಪಸ್ ಹೋಗಲೇ ಇಲ್ಲ. ಹೋದವರಲ್ಲೂ ಹಲವರು ಆಫೀಸಿಗೆ ಮುಖ ತೋರಿಸಿ, ಜನಶತಾಬ್ದಿ ಹತ್ತಿ ಮತ್ತೆ ಊರಿಗೆ ಬರುತ್ತಾರೆ.

ಇವರನ್ನು ಕೇಳಿ ನೋಡಿ. ಗಾಳಿ ಚೆನ್ನಾಗಿದೆ, ನೀರು ಚೆನ್ನಾಗಿದೆ, ಅಮ್ಮನ ಕೈಯಡುಗೆ ಇದೆ. ಪುರುಸೊತ್ತು ಇದೆಯಾ ಅಂದರೆ ಮಾತ್ರ ಸುಮ್ಮನಾಗುತ್ತಾರೆ. ರಾತ್ರಿ ಊಟದ ಎಲೆ ಮುಂದೆ ಕೂತಾಗಲೂ ಎಡಗೈ ಫೋನಿನ ಮೇಲೇ ಇರುತ್ತದೆ.

ಜಾಗ ಬದಲಾಯಿಸಿದರೂ ಇದು ಯಾಕೆ ಸರಿಹೋಗಲ್ಲ, ಇವತ್ತು ನೋಡೋಣ.

[ತೆರೆಯ ಮೇಲೆ: 55 ಗಂಟೆ]

ಮೊದಲು ಗಂಟೆಯ ಲೆಕ್ಕ ಮುಗಿಸಿಬಿಡೋಣ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರು ಅದನ್ನು 90ಕ್ಕೆ ಏರಿಸಿದರು. ಅದಕ್ಕೂ ಮುಂಚೆ, 2021ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಒಂದು ವರದಿ ಕೊಟ್ಟಿದ್ದವು. ವಾರಕ್ಕೆ 35ರಿಂದ 40 ಗಂಟೆ ಕೆಲಸ ಮಾಡುವವರಿಗಿಂತ, 55 ಗಂಟೆ ಅಥವಾ ಅದಕ್ಕೂ ಜಾಸ್ತಿ ಮಾಡುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಜಾಸ್ತಿ. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು 17% ಜಾಸ್ತಿ. ಭಾಷಣ ಮಾಡುವವರು ಮಾಡಲಿ, ನಿಮ್ಮ ಮೈಗೆ ಅನ್ವಯಿಸುವ ಲೆಕ್ಕ ಇದು.

ಆದರೆ ಗಂಟೆ ಕಮ್ಮಿ ಇದ್ದವರೂ ಸುಸ್ತಾಗಿದ್ದಾರಲ್ಲ, ಅದು ಹೇಗೆ?

[ತೆರೆಯ ಮೇಲೆ: ಅಂಗಳದಲ್ಲಿ ಹಸಿ ಅಡಿಕೆ ರಾಶಿ. ರಾತ್ರಿ, ಬಲ್ಬಿನ ಬೆಳಕಲ್ಲಿ ಸುಲಿಯುತ್ತಿರುವವರು.]

ಅಡಿಕೆ ಕೊಯ್ಲಿನ ಕಾಲ ನೆನಪು ಮಾಡಿಕೊಳ್ಳಿ. ಕೊನೆಗಾರ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುತ್ತಾನೆ. ಈಗ ಕೆಲವು ಕಡೆ ಕೆಳಗೆ ನಿಂತೇ ಫೈಬರ್ ದೋಟಿಯಲ್ಲಿ ಇಳಿಸುತ್ತಾರೆ. ಕೆಂಪಡಿಕೆ ಮಾಡುವ ಮನೆಯಲ್ಲಿ ಹಸಿ ಅಡಿಕೆಯನ್ನು ಜಾಸ್ತಿ ದಿನ ಇಡುವ ಹಾಗಿಲ್ಲ. ಸುಲಿಯಬೇಕು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ) ಬೇಯಿಸಬೇಕು, ಒಣಗಿಸಬೇಕು. ಹಾಗಾಗಿ ಸುಲಿಯೋದು ಮಧ್ಯರಾತ್ರಿವರೆಗೂ ಹೋಗುತ್ತದೆ. ಈಗ ಮಷೀನು ಬಂದಿದೆ, ಸ್ವಲ್ಪ ಸುಲಭವಾಗಿದೆ. ಆದರೂ ಅದು ಯಾವ ಲೆಕ್ಕದಲ್ಲೂ ಆರಾಮದ ಬದುಕಲ್ಲ. ಹಳ್ಳಿಯಲ್ಲಿ ಹಿಂದೆ ಎಲ್ಲ ನೆಮ್ಮದಿಯಾಗಿತ್ತು ಅನ್ನುವವರನ್ನು ಒಂದು ಸೀಸನ್ ಸುಲಿಯೋಕೆ ಕೂರಿಸಬೇಕು.

ಆದರೆ ಅಲ್ಲೊಂದು ಅನುಕೂಲ ಇತ್ತು. ರಾಶಿ ಕಣ್ಣೆದುರಿಗೆ ಇರುತ್ತಿತ್ತು. ಸುಲಿದ ಹಾಗೆ ಕರಗುತ್ತಿತ್ತು. ಕೊನೆಗೆ ಅಂಗಳ ಗುಡಿಸಿ, ಕೈ ತೊಳೆದು ಮಲಗುತ್ತಿದ್ದರು. ಸುಲಿಯೋಕೆ ಬಂದವರ ಲೆಕ್ಕವೂ ಡಬ್ಬದಲ್ಲಿ. ಇಷ್ಟು ಡಬ್ಬ, ಇಷ್ಟು ದುಡ್ಡು, ಮುಗೀತು. ನಿಮ್ಮ ಇನ್‌ಬಾಕ್ಸಿಗೆ ಅಂಥ ತಳ ಇಲ್ಲ. ನೀವು ಸುಲಿಯುತ್ತಿರುವಾಗಲೇ ಇನ್ನೊಬ್ಬ ಬಂದು ಸುರಿಯುತ್ತಾನೆ. ಬೆಂಗಳೂರಿನಲ್ಲಿದ್ದಾಗ ಆಫೀಸಿನ ಬಾಗಿಲು ದಾಟಿ, ಬಸ್ಸು ಹತ್ತಿ, ಬೈಯ್ದುಕೊಂಡು ಮನೆಗೆ ಬರುವಷ್ಟರಲ್ಲಿ ತಲೆ ಅರ್ಧ ಖಾಲಿಯಾಗುತ್ತಿತ್ತು. ಊರಿಗೆ ಬಂದಾಗ ಟ್ರಾಫಿಕ್ ಜೊತೆ ಅದೂ ಹೋಯಿತು. ಈಗ ಕೆಲಸಕ್ಕೆ ಕೊನೆಯನ್ನು ನಾವೇ ಮಾಡಿಕೊಳ್ಳಬೇಕು.

ಇದಕ್ಕೊಂದು ಹಿನ್ನೆಲೆ ಇದೆ. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ತೋರಿಸಿದ ವಿಷಯ: ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ, ಗಮನದ ಒಂದಿಷ್ಟು ಪಾಲು ಹಳೆಯದರಲ್ಲೇ ಸಿಕ್ಕಿಕೊಂಡಿರುತ್ತದೆ. ಮಗಳು ಶಾಲೆಯ ಕಥೆ ಹೇಳುತ್ತಿದ್ದರೆ ನೀವು ಹೂಂ ಹೂಂ ಅನ್ನುತ್ತೀರಿ, ತಲೆಯಲ್ಲಿ ಓಡುತ್ತಿರುವುದು ಕ್ಲೈಂಟಿನ ಮೇಲ್. ಇದಕ್ಕೆ ಮದ್ದೂ ಸಿಕ್ಕಿದೆ. 2011ರಲ್ಲಿ ಮ್ಯಾಸಿಕಾಂಪೊ ಮತ್ತು ಬಾಮೈಸ್ಟರ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಕಂಡುಕೊಂಡ ಪ್ರಕಾರ, ಬಾಕಿ ಕೆಲಸವನ್ನು ಮುಗಿಸಲೇಬೇಕು ಅಂತಿಲ್ಲ. ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಅಂತ ಸ್ಪಷ್ಟವಾಗಿ ಯೋಜನೆ ಹಾಕಿಕೊಂಡರೂ ಸಾಕು, ಅದು ತಲೆ ಕೊರೆಯೋದು ಕಮ್ಮಿಯಾಗುತ್ತದೆ.

[ತೆರೆಯ ಮೇಲೆ: ನೋಟ್‌ಬುಕ್ಕಿನ ಒಂದು ಪುಟ, ಹತ್ತಿರದಿಂದ]

ಆದ್ದರಿಂದ ಲ್ಯಾಪ್‌ಟಾಪ್ ಮುಚ್ಚುವ ಮುಂಚೆ ಒಂದು ಹಾಳೆಯಲ್ಲಿ ಬರೆಯಿರಿ. "ರಿಪೋರ್ಟ್ ಮುಗಿಸಬೇಕು" ಅಂತ ಬರೆದರೆ ಏನೂ ಪ್ರಯೋಜನ ಇಲ್ಲ. "ನಾಳೆ ಬೆಳಗ್ಗೆ ಮೊದಲು ರಿಪೋರ್ಟಿನ ಮೂರನೇ ಟೇಬಲ್. ಸೇಲ್ಸ್‌ನವರ ಅಂಕಿ ಬಂದಿಲ್ಲ, ಫೋನ್ ಮಾಡಿ ಕೇಳಬೇಕು." ಹೀಗೆ ಬರೆಯಿರಿ. ಬೆಳಗ್ಗೆ ನೀವೇ ಓದಿದಾಗ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಗಬೇಕು, ಅಷ್ಟೇ. ಆಮೇಲೆ ಎದ್ದು ಹೊರಗೆ ಹೋಗಿ. ತೋಟಕ್ಕೆ ಒಂದು ಸುತ್ತು ಹಾಕಿ, ಪೇಟೆಗೆ ಹೋಗಿ ಹಾಲು ತನ್ನಿ. ಮಳೆ ಹೊಳವಾಗದೇ ಇದ್ದರೆ ಕೊಟ್ಟಿಗೆವರೆಗಾದರೂ ಹೋಗಿ ಬನ್ನಿ. ಬಿಟ್ಟುಹೋದ ಬಸ್ ಪ್ರಯಾಣದ ಜಾಗಕ್ಕೆ ಇದು.

ಇನ್ನು ಫೋನು. ಕಂಪನಿ ಆ್ಯಪ್‌ಗಳು ಆಂಡ್ರಾಯ್ಡಿನ ವರ್ಕ್ ಪ್ರೊಫೈಲಿನಲ್ಲಿ, ಅಂದರೆ ಆಫೀಸಿಗೆ ಅಂತಲೇ ಫೋನಿನಲ್ಲಿ ಬೇರೆ ಮಾಡಿಟ್ಟ ಜಾಗದಲ್ಲಿ, ಇದ್ದರೆ ಒಂದೇ ಬಟನ್ನಿನಲ್ಲಿ ಅಷ್ಟನ್ನೂ ನಿಲ್ಲಿಸಬಹುದು. ಐಫೋನಿನಲ್ಲಿ ಬೇಡದ ನೋಟಿಫಿಕೇಶನ್ ತಡೆಯುವ ಫೋಕಸ್ ಇದೆ. ನಿಜವಾದ ತಲೆನೋವು ವಾಟ್ಸ್ಆ್ಯಪ್. ಟೀಮಿನ ಗುಂಪೂ ಅಲ್ಲೇ, ಅತ್ತೆ ಮನೆಯವರ ಗುಂಪೂ ಅಲ್ಲೇ. ಟೀಮಿನ ಗುಂಪನ್ನು ಆರ್ಕೈವ್ ಮಾಡಿಡಿ, ಹೊಸ ಮೆಸೇಜ್ ಬಂದರೂ ಮೇಲೆ ಬರಲ್ಲ. ನೀವೇ ಟೀಮ್ ಲೀಡ್ ಆಗಿದ್ದರೆ, ರಾತ್ರಿ ಹೊಳೆದ ವಿಷಯವನ್ನು ರಾತ್ರಿಯೇ ಕಳಿಸಬೇಡಿ. ಜಿಮೇಲ್‌ನಲ್ಲಿ ಮೇಲ್ ಬರೆದು ಬೆಳಗ್ಗೆ ಹೋಗುವ ಹಾಗೆ ಇಡಬಹುದು. "ಈಗಲೇ ಉತ್ತರ ಬೇಡ" ಅಂತ ಬರೆದು ರಾತ್ರಿ ಹನ್ನೊಂದಕ್ಕೆ ಕಳಿಸೋರನ್ನು ನಾನಂತೂ ನಂಬಲ್ಲ.

[ತೆರೆಯ ಮೇಲೆ: ಹೆಂಚಿನ ಮನೆಯ ಜಗಲಿ]

ಕೂರುವ ಜಾಗದ ಬಗ್ಗೆ ಒಂದು ಮಾತು. ಜಗಲಿಯಲ್ಲಿ ಕೂರಬೇಡಿ ಮಾರಾಯ್ರೇ! ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಮಲೆನಾಡಿನ ಮನೆಯಲ್ಲಿ ಬಂದವರೆಲ್ಲ ಮೊದಲು ಕೂರೋದು ಅಲ್ಲೇ. ನೀವು ಹೆಡ್‌ಫೋನ್ ಹಾಕಿ ಕ್ಯಾಮೆರಾ ಆನ್ ಮಾಡಿ ಕೂತಿರುತ್ತೀರಿ. ಪಕ್ಕದ ಮನೆಯ ದೊಡ್ಡಪ್ಪ ಮೆಟ್ಟಿಲು ಹತ್ತುತ್ತಾ "ಎಂತ ಅಪ್ಪಿ, ರಜೆಯಾ?" ಅಂತಾರೆ. ಒಳಗಿಂದ ಅಮ್ಮ "ಅಪ್ಪೀ, ಕೊನೆಗಾರರಿಗೆ ಆಸರಿಗೆ ಕೊಟ್ಟು ಬಾರೋ" ಅಂತಾರೆ. ಅವರದ್ದು ತಪ್ಪಲ್ಲ. ಆ ಮನೆಯಲ್ಲಿ ಕೂತಿರುವವನು ಅಂದರೆ ಖಾಲಿ ಇರುವವನು ಅಂತಲೇ ಅರ್ಥ. ಉಪ್ಪರಿಗೆಯಲ್ಲೋ ಒಳಗಿನ ಕೋಣೆಯಲ್ಲೋ ಕೂತು, ಬಾಗಿಲು ಹಾಕಿದ್ದರೆ ಮೀಟಿಂಗ್, ತೆಗೆದಿದ್ದರೆ ಮಾತಾಡಿಸಬಹುದು ಅಂತ ಒಂದು ಪದ್ಧತಿ ಮಾಡಿ. ಆ ಬಾಗಿಲು ಸಂಜೆ ನಿಮಗೂ ಅನ್ವಯಿಸುತ್ತದೆ. ಹೊರಗೆ ಬಂದು ಹಾಕಿಕೊಂಡ ಮೇಲೆ "ಒಂದೇ ನಿಮಿಷ" ಅಂತ ಮತ್ತೆ ಒಳಗೆ ನುಗ್ಗೋದು ಬೇಡ.

ಅಮೆರಿಕದವರ ಜೊತೆ ಕೆಲಸ ಮಾಡುವವರು ಒಂದು ತಾರೀಕು ನೆನಪಿಟ್ಟುಕೊಳ್ಳಿ. ಅಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಅಲ್ಲಿವರೆಗೆ ನ್ಯೂಯಾರ್ಕಿನ ಬೆಳಗ್ಗೆ 9ರ ಮೀಟಿಂಗ್ ನಮಗೆ ಸಂಜೆ 6:30ಕ್ಕೆ. ಅವತ್ತಿನಿಂದ 7:30ಕ್ಕೆ. ಆಗ ಕ್ಯಾಲಿಫೋರ್ನಿಯಾದ ಬೆಳಗ್ಗೆ 9 ಗಂಟೆ ಅಂದರೆ ನಮಗೆ ರಾತ್ರಿ 10:30. ನಮ್ಮ ಕಡೆ ದೀಪಾವಳಿ, ಕೊಯ್ಲು ಎಲ್ಲ ಅದರ ಆಸುಪಾಸಿನಲ್ಲೇ. ಮನೆಯಲ್ಲಿ ಕೆಲಸ ಜಾಸ್ತಿಯಾಗುವ ಹೊತ್ತಿಗೆ ಸರಿಯಾಗಿ ಆಫೀಸು ಇನ್ನೊಂದು ಗಂಟೆ ತಡವಾಗಿ ಮುಗಿಯುತ್ತದೆ. ಅಕ್ಟೋಬರಿನಲ್ಲೇ ಮ್ಯಾನೇಜರ್ ಜೊತೆ ಕೂತು ಮಾತಾಡಿ: ಯಾವ ಮೀಟಿಂಗಿಗೆ ನಾನು ಬೇಕೇ ಬೇಕು, ಯಾವುದರ ರೆಕಾರ್ಡಿಂಗ್ ನೋಡಿದರೆ ಸಾಕು, ಕೊಯ್ಲಿನ ವಾರ ಯಾವುದು. "ಊರಲ್ಲಿ ಫಂಕ್ಷನ್ ಇದೆ" ಅಂತ ಹಿಂದಿನ ದಿನ ಕೇಳುವ ರಜೆಗಿಂತ, ಎರಡು ತಿಂಗಳು ಮುಂಚೆ ಕ್ಯಾಲೆಂಡರಿನಲ್ಲಿ ಹಾಕಿಟ್ಟ ರಜೆ ಸಿಗುವುದು ಸುಲಭ.

[ತೆರೆಯ ಮೇಲೆ: 289 ನಿಮಿಷ / 88 ನಿಮಿಷ]

ಇಷ್ಟು ಹೊತ್ತು ಹೇಳಿದ್ದೆಲ್ಲ ಸಂಜೆ ಲ್ಯಾಪ್‌ಟಾಪ್ ಮುಚ್ಚಿದರೆ ಕೆಲಸ ಮುಗಿಯುವವರಿಗೆ. ಹೆಣ್ಣುಮಕ್ಕಳಿಗೆ ಅಲ್ಲಿಂದ ಎರಡನೇ ಪಾಳಿ ಶುರು. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ ಕಳೆಯುತ್ತಾರೆ. ಗಂಡ ಹೆಂಡತಿ ಇಬ್ಬರೂ ಒಂದೇ ಮನೆಯಲ್ಲಿ ಕೂತು ಆಫೀಸ್ ಕೆಲಸ ಮಾಡುವಾಗ, ಕೊನೆಗಾರರ ತಿಂಡಿಗೆ ಎದ್ದು ಹೋಗೋದು ಯಾರು? ಸೊಸೆಯ ಮೀಟಿಂಗಿಗೆ ಮಗನ ಮೀಟಿಂಗಿನಷ್ಟು ಬೆಲೆ ಇದೆಯಾ? ಇಲ್ಲಿ ಆ್ಯಪ್ ಗೀಪ್ ಏನೂ ಕೆಲಸ ಮಾಡಲ್ಲ. ಬೆಳಗಿನ ತಿಂಡಿ ಯಾರದ್ದು, ಸಂಜೆ ಹಾಲು ಕರೆಯೋದು ಯಾರದ್ದು, ಮಕ್ಕಳ ಹೋಂವರ್ಕ್ ಯಾರದ್ದು ಅಂತ ಹೆಸರು ಹಿಡಿದು ಹಂಚಿಕೊಳ್ಳಬೇಕು. "ನಾನೂ ಸಹಾಯ ಮಾಡ್ತೀನಿ" ಅನ್ನೋ ಗಂಡಸು ಇನ್ನೂ ಆ ಕೆಲಸ ತನ್ನದು ಅಂದುಕೊಂಡಿಲ್ಲ ಅಂತಲೇ ಲೆಕ್ಕ.

ಕಾನೂನು ಏನಾದರೂ ಇದೆಯಾ ಅಂದರೆ, ಸ್ವಲ್ಪ ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನುವ ಮಿತಿ ಇಟ್ಟಿತು. ಅದನ್ನು ಮೀರಿದ ಓವರ್‌ಟೈಮಿಗೆ ಎರಡು ಪಟ್ಟು ಸಂಬಳ. 2024ರಲ್ಲಿ ಐಟಿ ಕ್ಷೇತ್ರಕ್ಕೆ ದಿನಕ್ಕೆ 14 ಗಂಟೆವರೆಗಿನ ಪ್ರಸ್ತಾವ ಬಂದಾಗ ನೌಕರರ ಸಂಘಟನೆ ಗಟ್ಟಿಯಾಗಿ ವಿರೋಧಿಸಿತು. ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದೇ ಇರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಇದೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ ಲೋಕಸಭೆಯಲ್ಲಿ ಇಂಥದ್ದೇ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ.

[ತೆರೆಯ ಮೇಲೆ: ಯಕ್ಷಗಾನದ ರಂಗಸ್ಥಳ, ಚೆಂಡೆಯ ಸದ್ದು]

ಸರಿ, ಹೊತ್ತು ಸಿಕ್ಕಿತು ಅಂದುಕೊಳ್ಳೋಣ. ಏನು ಮಾಡಬೇಕು? ಸಬೀನ ಸೊನ್ನೆನ್‌ಟಾಗ್ ಮತ್ತು ಶಾರ್ಲಟ್ ಫ್ರಿಟ್ಸ್ ಎಂಬ ಮನಶ್ಶಾಸ್ತ್ರಜ್ಞರು 2007ರಲ್ಲಿ ದಣಿವಾರಿಸುವ ನಾಲ್ಕು ಸಂಗತಿ ಹೇಳಿದರು. ಮನಸ್ಸು ಕೆಲಸದಿಂದ ಬಿಡಿಸಿಕೊಳ್ಳೋದು, ಆರಾಮಾಗಿರೋದು, ಹೊಸದೇನಾದರೂ ಕಲಿಯೋದು, ಆ ಹೊತ್ತು ಹೇಗೆ ಕಳೆಯಬೇಕು ಅನ್ನೋದು ನಮ್ಮ ಕೈಯಲ್ಲೇ ಇರೋದು.

ನಾಲ್ಕನೆಯದರಲ್ಲಿ ಮಲೆನಾಡಿನವರು ಪಕ್ಕಾ ಫೇಲು. ಭಾನುವಾರ ಅಂದರೆ ಯಾರದ್ದೋ ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ. "ಮನೆಗೊಬ್ಬರಾದರೂ ಹೋಗಬೇಕು." ಹೋದರೆ ಖುಷಿಯೂ ಆಗುತ್ತದೆ, ಸುಳ್ಳು ಹೇಳಲ್ಲ. ಆದರೆ ಅದು ನೀವು ಆರಿಸಿಕೊಂಡ ಹೊತ್ತಲ್ಲ. ಎಲ್ಲದಕ್ಕೂ ಒಬ್ಬರೇ ಓಡುವ ಬದಲು ಮನೆಯವರು ಸರದಿ ಮಾಡಿಕೊಳ್ಳಿ. ಯಾರೂ ಎಲ್ಲಿಗೂ ಹೋಗದ ಒಂದು ಭಾನುವಾರ ತಿಂಗಳಿಗೆ ಉಳಿಯಲಿ.

ಮೂರನೆಯದರಲ್ಲಿ ಮಾತ್ರ ನಮ್ಮವರನ್ನು ಮೀರಿಸೋರಿಲ್ಲ. ಸಾಗರದ ಹತ್ತಿರದ ಹೆಗ್ಗೋಡು ಅಡಿಕೆ ತೋಟದವರ ಊರು. ಅಲ್ಲಿ 1949ರಲ್ಲಿ ನೀನಾಸಂ ನಾಟಕ ಸಂಸ್ಥೆ ಶುರುವಾಯಿತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರೂ ಅಡಿಕೆ ಬೆಳೆಗಾರರೇ. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಗಲು ತೋಟ, ಸಂಜೆ ನಾಟಕದ ತಾಲೀಮು. ನೀವು ಪ್ರಶಸ್ತಿ ತರಬೇಕಾಗಿಲ್ಲ. ಚೆಂಡೆಯ ಒಂದು ಪಾಠ ಕಲಿಯುವಾಗ ಸ್ಪ್ರೆಡ್‌ಶೀಟ್ ಯೋಚಿಸೋಕೆ ಆಗಲ್ಲ, ಪ್ರಯೋಜನ ಇರೋದು ಅಲ್ಲೇ. ಸುಮ್ನೆ ರೀಲ್ಸ್ ನೋಡುವಾಗ ಯೋಚಿಸೋಕೆ ಆಗುತ್ತದೆ.

[ತೆರೆಯ ಮೇಲೆ: 14416]

ಇದೆಲ್ಲ ಮಾಡಿದರೂ ಸರಿಹೋಗದೇ ಇರಬಹುದು. ನಿದ್ದೆ ಮಾಡಿ ಎದ್ದರೂ ಸುಸ್ತು, ಕೆಲಸದ ಬಗ್ಗೆ ಜಿಗುಪ್ಸೆ, ನನ್ನ ಕೈಯಲ್ಲಿ ಏನೂ ಆಗಲ್ಲ ಅನ್ನುವ ಭಾವನೆ. ಈ ಮೂರೂ ಸೇರಿದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಕಾಯಿಲೆಗಳ ವರ್ಗೀಕರಣದ ಪಟ್ಟಿಯಲ್ಲಿ ಬರ್ನ್‌ಔಟ್ ಅಂತ ವಿವರಿಸಿತು. ಕಾಯಿಲೆ ಅಂತ ಅಲ್ಲ. ಕೆಲಸದ ಜಾಗದ ಒತ್ತಡ ಬಹಳ ದಿನ ಹಾಗೇ ಉಳಿದಾಗ ಆಗುವ ಸ್ಥಿತಿ ಅಂತ. ಅಂದರೆ ನಿಮ್ಮೊಬ್ಬರ ಕೈಲಾಗದತನ ಅಲ್ಲ ಅದು. ಅಂಥ ಹೊತ್ತಲ್ಲಿ ಒಂದು ವಾರ ರಜೆ ಹಾಕಿ ಆಗುಂಬೆಯ ಮಳೆ ನೋಡಿ ಬಂದರೆ ಸಾಲಲ್ಲ. ಡಾಕ್ಟರ ಹತ್ತಿರ ಮಾತಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಫೋನ್ ಮಾಡೋಕೆ ದುಡ್ಡು ಬೀಳಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೆಟ್‌ವರ್ಕ್ ಸಿಗುವ ಗುಡ್ಡಕ್ಕೆ ಹೋಗಿ ಮಾಡಬೇಕಾದರೂ ಮಾಡಿ.

ಮುಂದಿನ ವಿಡಿಯೋ ಮಳೆಗಾಲದ್ದು. ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದಾಗ, ಫೈಬರ್ ಮೋಡೆಮ್ಮಿಗೂ ರೂಟರಿಗೂ ಮಾತ್ರ ಸಣ್ಣ ಬ್ಯಾಟರಿ ಜೋಡಿಸೋದು ಹೇಗೆ, ಯಾವ ವೋಲ್ಟೇಜಿನದು ತರಬೇಕು, ಅದನ್ನು ನೋಡೋಣ.