ಹದಿನಾಲ್ಕು ಹೆಜ್ಜೆ ದೂರ

ಕೇಳುಗರಿಗೆ ನಮಸ್ಕಾರ.

ಮನೆಯಿಂದಲೇ ಕೆಲಸ ಮಾಡುವವರ ಹೊತ್ತನ್ನು ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ ತಿಂದುಹಾಕುತ್ತಿವೆ, ಅದರ ಬಗ್ಗೆ ನಾಲ್ಕು ಮಾತಾಡಿ ಅಂತ ಆಕಾಶವಾಣಿಯವರು ಕರೆದರು. ಹಾಸನದಲ್ಲಿ ಇಪ್ಪತ್ತಾರು ವರ್ಷ ಕಾಲೇಜು ಮಕ್ಕಳಿಗೆ ಮನಶ್ಶಾಸ್ತ್ರ ಪಾಠ ಮಾಡಿದವಳು ನಾನು. ಈಗ ನಿವೃತ್ತಿಯಾಗಿದೆ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಬಂದವರ ಕಷ್ಟಸುಖ ಕೇಳುತ್ತೇನೆ. ಈಚಿನ ವರ್ಷಗಳಲ್ಲಿ ಬರುವ ಕಷ್ಟಗಳಲ್ಲಿ ಇದೇ ಜಾಸ್ತಿ.

ಆದ್ದರಿಂದ ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ಕೆಲಸದ ಹೊತ್ತಿನಲ್ಲಿ ಫೋನು ಇನ್ನೊಂದು ಕೋಣೆಯಲ್ಲಿರಲಿ. ಮಗುಚಿ ಇಟ್ಟರೆ ಸಾಲದು, ಸೈಲೆಂಟ್ ಮಾಡಿದರೆ ಸಾಲದು. ಇನ್ನೊಂದು ಕೋಣೆಯಲ್ಲಿರಬೇಕು. ಫೋನಿನಲ್ಲೇ ಈ ಭಾಷಣ ಕೇಳುತ್ತಿರುವವರು ಮಾತ್ರ, ದಯವಿಟ್ಟು ಇದು ಮುಗಿದ ಮೇಲೆ ಎದ್ದು ಹೋಗಿ ಇಟ್ಟು ಬನ್ನಿ.

ಮೂಡಿಗೆರೆ ಕಡೆಯ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಅವನಿಗೆ ಬಿಲ್ಲುಗಳನ್ನು ತಾಳೆ ನೋಡುವ ಕೆಲಸ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಯಿತಲ್ಲ, ಆಗ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಊರಿಗೆ ಬಂದ. ತೋಟದ ಮಧ್ಯೆ ಮನೆ. ಮನೆಯಲ್ಲಿ ಸಿಗ್ನಲ್ ಸೊನ್ನೆ. ಹಿಂದೆ ಒಂದು ಗುಡ್ಡ, ಅದರ ನೆತ್ತಿಯಲ್ಲಿ ಒಂದು ಬಂಡೆ. ಆ ಬಂಡೆಯ ಮೇಲೆ ನಿಂತರೆ ಮಾತ್ರ ಎರಡು ಕಡ್ಡಿ ಬರುತ್ತಿತ್ತು. ಬೆಳಗ್ಗೆ ಒಂದು ಸಲ ಹತ್ತಿ ಆ ದಿನದ ಫೈಲು ಇಳಿಸಿಕೊಳ್ಳುವುದು, ಮನೆಗೆ ಬಂದು ಕೆಲಸ ಮಾಡುವುದು, ಸಂಜೆ ಮತ್ತೆ ಹತ್ತಿ ಕಳಿಸುವುದು. ಮಲೆನಾಡಿನ ಮಳೆ ನಿಮಗೆ ಗೊತ್ತೇ ಇದೆ. ಆಷಾಢದಲ್ಲಿ ಕೊಡೆ ಹಿಡಿದುಕೊಂಡು, ಜಿಗಣೆ ಕೀಳುತ್ತಾ ಹತ್ತುತ್ತಿದ್ದನಂತೆ. ಆದರೆ ನಾಲ್ಕು ಗಂಟೆಗೆಲ್ಲ ಅವನ ಕೆಲಸ ಮುಗಿದಿರುತ್ತಿತ್ತು. ಸಂಜೆ ಅಪ್ಪನ ಜೊತೆ ತೋಟಕ್ಕೂ ಹೋಗಿ ಬರುತ್ತಿದ್ದ.

ಆಮೇಲೆ ಮನೆ ತನಕ ಕೇಬಲ್ ಬಂತು, ವೈಫೈ ಬಂತು. ಅವತ್ತು ಮನೆಯಲ್ಲಿ ಪಾಯಸ ಮಾಡಿದ್ದರಂತೆ! ಅಲ್ಲಿಂದ ಶುರು ನೋಡಿ. ನಾಲ್ಕಕ್ಕೆ ಮುಗಿಯುತ್ತಿದ್ದ ಕೆಲಸ ರಾತ್ರಿ ಒಂಬತ್ತಾದರೂ ಮುಗಿಯದು. ಕೆಲಸ ಅಷ್ಟೇ, ಹುಡುಗನೂ ಅವನೇ. ಅವರಮ್ಮ ಅವನನ್ನು ನನ್ನ ಹತ್ತಿರ ಕರೆದುಕೊಂಡು ಬಂದರು. "ಬೆಳಗ್ಗಿಂದ ರಾತ್ರಿ ತನಕ ಅದರ ಮುಂದೇನೇ ಕೂತಿರ್ತಾನೆ ಮೇಡಂ. ಊಟಕ್ಕೆ ಕರೆದರೂ ಅರ್ಜೆಂಟ್ ಇದೆ ಅಂತಾನೆ. ಏನು ಗಾಳಿ ಸೋಕಿತೋ ಏನೋ," ಅಂದರು.

ದಿನಕ್ಕೆ ಎಷ್ಟು ಸಲ ಫೋನು ನೋಡ್ತೀಯಪ್ಪಾ ಅಂತ ಕೇಳಿದೆ. ಹತ್ತೋ ಹನ್ನೆರಡೋ ಸಲ ಅಂದ. ಅಮ್ಮ ಸೆರಗು ಅಡ್ಡ ಹಿಡಿದು ನಕ್ಕರು.

ನಾನು ಬೈಯಲಿಲ್ಲ. ಒಂದೇ ಮಾತು ಹೇಳಿದೆ. ಅಡುಗೆಮನೆಯ ಗೋಡೆಯಲ್ಲಿ, ಹಿಂದೆ ಸೀಮೆಎಣ್ಣೆ ಬುಡ್ಡಿ ಇಡುತ್ತಿದ್ದ ಗೂಡು ಇದೆಯಲ್ಲ, ಫೋನು ಅಲ್ಲಿರಲಿ. ಗಂಟೆ ಜೋರಾಗಿರಲಿ, ಕರೆ ಬಂದರೆ ಕೇಳಬೇಕು. ನೋಡಬೇಕು ಅನ್ನಿಸಿದಾಗಲೆಲ್ಲ ಧಾರಾಳವಾಗಿ ಎದ್ದು ಬಂದು ನೋಡು, ಯಾರೂ ತಡೆಯುವುದಿಲ್ಲ. ಆದರೆ ನೀನು ಬಂದಾಗಲೆಲ್ಲ ಅಮ್ಮ ಒಂದು ಲೋಟಕ್ಕೆ ಒಂದು ಕಾಫಿ ಬೀಜ ಹಾಕುತ್ತಾರೆ. ಅಷ್ಟೇ.

ಮೊದಲನೇ ದಿನ ಸಂಜೆ ಎಣಿಸಿದರೆ ಅರವತ್ತೊಂದು ಬೀಜ! ಹುಡುಗ ನಂಬಲಿಲ್ಲ. ಅಮ್ಮ ಮೋಸ ಮಾಡಿದ್ದಾರೆ ಅಂತ ನೆಲದ ಮೇಲೆ ಸುರಿದುಕೊಂಡು ಮತ್ತೆ ಎಣಿಸಿದನಂತೆ. ಅದರಲ್ಲಿ ಎರಡು ಸಲ ಒಟಿಪಿ, ನಾಲ್ಕು ಸಲ ಕರೆ. ಉಳಿದಿದ್ದೆಲ್ಲ ಸುಮ್ನೆ. ಪಾಪ, ಅವರಮ್ಮನಿಗೆ ಒಗ್ಗರಣೆ ಹಾಕಲಿಕ್ಕೂ ಪುರುಸೊತ್ತಿರಲಿಲ್ಲ. ಎರಡನೇ ದಿನ ಮೂವತ್ತೆಂಟು. ಎರಡು ವಾರ ಕಳೆಯುವ ಹೊತ್ತಿಗೆ ಒಂಬತ್ತು. ಹುಡುಗ ಮತ್ತೆ ಬೆಳಕಿರುವಾಗಲೇ ತೋಟಕ್ಕೆ ಹೋಗತೊಡಗಿದ.

ಆಮೇಲೊಮ್ಮೆ ನಾನೇ ಅವರ ಮನೆಗೆ ಹೋಗಿದ್ದೆ. ಕಡುಬು ಮಾಡಿದ್ದರು, ಆ ಕಾಯಿಚಟ್ನಿಯ ರುಚಿ ಇನ್ನೂ ನೆನಪಿದೆ. ಅವನ ಮೇಜಿನಿಂದ ಅಡುಗೆಮನೆಯ ಗೂಡಿಗೆ ನಾನೇ ನಡೆದು ನೋಡಿದೆ. ಹದಿನಾಲ್ಕು ಹೆಜ್ಜೆ. ಗುಡ್ಡದ ಬಂಡೆ ಮಾಡುತ್ತಿದ್ದ ಕೆಲಸವನ್ನೇ ಈ ಹದಿನಾಲ್ಕು ಹೆಜ್ಜೆ ಮಾಡಿತು.

ನನಗೆ ಕೊಟ್ಟ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಕಥೆಗೇ ಹೋಯಿತು. ಹೋಗಲಿ.

ಇದು ಹುಡುಗನ ದೌರ್ಬಲ್ಯ ಅಂದುಕೊಳ್ಳಬೇಡಿ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಗಾಳ ಹಾಕಿ ಕೂತವರನ್ನು ನೋಡಿದ್ದೀರಲ್ಲ. ಪ್ರತಿ ಸಲ ಮೀನು ಬಿದ್ದರೆ ಬುಟ್ಟಿ ತುಂಬಿಸಿಕೊಂಡು ಮನೆಗೆ ಹೋಗುತ್ತಾರೆ. ಬೀಳುವುದೇ ಇಲ್ಲ ಅಂದರೂ ಹೋಗುತ್ತಾರೆ. ಯಾವಾಗಲೋ ಒಂದು ಬೀಳುತ್ತದೆ ನೋಡಿ, ಅದಕ್ಕೇ ಏಳುವುದಿಲ್ಲ. ಬಿ.ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಇದನ್ನೇ ತೋರಿಸಿದರು. ಕಾಳು ಯಾವಾಗ ಬೀಳುತ್ತದೆ ಅಂತ ಗೊತ್ತಾಗದಿದ್ದರೆ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ. ಫೋನಿನಲ್ಲೂ ಹಾಗೇ. ಹತ್ತು ಸಲ ನೋಡಿದರೆ ಒಂದು ಸಲ ಏನೋ ಚೆನ್ನಾಗಿರುವುದು ಸಿಗುತ್ತದೆ.

ಅದಕ್ಕೆ ಕೊನೆ ಅನ್ನುವುದೂ ಇಲ್ಲ. ದಿನಪತ್ರಿಕೆಗೆ ಕೊನೆಯ ಪುಟ ಇದೆ. ರೇಡಿಯೋದಲ್ಲೂ ನಾನು ಇನ್ನು ಸ್ವಲ್ಪ ಹೊತ್ತಿಗೆ ಬಾಯಿ ಮುಚ್ಚಲೇಬೇಕು. ಬೆರಳು ಸರಿಸಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಆಮೇಲೆ ಅದಕ್ಕಾಗಿ ಬೇಸರಪಟ್ಟುಕೊಂಡರು. ನಮ್ಮಲ್ಲಿ 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಂತಿತು, ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಜನ ಮನೆಯಿಂದ ಕೆಲಸ ಮಾಡಲು ಕೂತ ಸಮಯಕ್ಕೇ ಸರಿಯಾಗಿ!

ಇಷ್ಟು ಹೇಳಿದ ಮೇಲೂ ಕೆಲವರು, "ಮೇಡಂ, ಮಗುಚಿ ಇಟ್ಟಿರ್ತೀನಿ, ಮುಟ್ಟೋದೇ ಇಲ್ಲ," ಅಂತ ನನ್ನ ಹತ್ತಿರ ವಾದ ಮಾಡುತ್ತಾರೆ. ಅವರಿಗಾಗಿ ಇದು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಸುಮಾರು 800 ಜನರನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರ ಫೋನೂ ಸೈಲೆಂಟ್. ಕೆಲವರದ್ದು ಮೇಜಿನ ಮೇಲೆ ಮಗುಚಿ ಇಟ್ಟಿದ್ದು, ಕೆಲವರದ್ದು ಜೇಬಿನಲ್ಲೋ ಬ್ಯಾಗಿನಲ್ಲೋ, ಕೆಲವರದ್ದು ಇನ್ನೊಂದು ಕೋಣೆಯಲ್ಲಿ. ತಲೆಗೆ ಕೆಲಸ ಕೊಡುವ ಲೆಕ್ಕಗಳನ್ನು ಯಾರು ಚೆನ್ನಾಗಿ ಮಾಡಿದರು ಹೇಳಿ? ಇನ್ನೊಂದು ಕೋಣೆಯವರು. ಮೇಜಿನ ಮೇಲೆ ಇಟ್ಟುಕೊಂಡವರೇ ಹಿಂದೆ ಬಿದ್ದರು. ಅದನ್ನು ಮುಟ್ಟಬಾರದು ಅಂತ ನೆನಪಿಟ್ಟುಕೊಳ್ಳುವುದೂ ತಲೆಗೆ ಒಂದು ಕೆಲಸವೇ ಅಲ್ವಾ?

ಇನ್ನುಳಿದಿದ್ದನ್ನು ಬೇಗ ಬೇಗ ಹೇಳುತ್ತೇನೆ. ಆಫೀಸಿನ ವಾಟ್ಸಾಪ್ ಗ್ರೂಪ್ ನೋಡಲೇಬೇಕು ಅನ್ನುವವರು ಅದನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಮದುವೆ ಮನೆಯ ಗ್ರೂಪು, ಹಳೆ ಸಹಪಾಠಿಗಳ ಗ್ರೂಪು, ಬೆಳಗಾದರೆ ಗುಲಾಬಿ ಹೂವು ಕಳಿಸುವವರ ಗ್ರೂಪು, ಇವೆಲ್ಲವನ್ನೂ ಮ್ಯೂಟ್ ಮಾಡಿ. ಯಾರಿಗೂ ಗೊತ್ತಾಗುವುದಿಲ್ಲ, ಹೆದರಬೇಡಿ. ಮನೆಯಲ್ಲೇ ಉಪ್ಪಿನಕಾಯಿ ಹಾಕಿ, ಬ್ಲೌಸ್ ಹೊಲಿದು ಇನ್‌ಸ್ಟಾಗ್ರಾಂನಲ್ಲಿ ಮಾರುವ ಹೆಣ್ಣುಮಕ್ಕಳು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿಮಗೆ ಅದೇ ಅಂಗಡಿ, ಸರಿ. ಅಂಗಡಿಗೆ ಬಾಗಿಲು ತೆಗೆಯುವ ಹೊತ್ತು, ಹಾಕುವ ಹೊತ್ತು ಇರುತ್ತದಲ್ಲ, ಹಾಗೆ ಮಾಡಿ. ಬಾಗಿಲು ಹಾಕಿದ ಮೇಲೆ ಫೋನು ಗೂಡಿಗೆ. ಒಂದೇ ಕೋಣೆಯ ಮನೆಯಾದರೆ ಬೀರುವಿನೊಳಗಿಟ್ಟು ಬೀಗ ಹಾಕಿ, ಬೀಗದ ಕೈ ಅತ್ತೆಯ ಹತ್ತಿರ ಕೊಡಿ.

ಫೋನು ಕಡಿಮೆ ಮಾಡಲು ಯಾವ ಆಪ್ ಹಾಕಿಕೊಳ್ಳಲಿ ಅಂತ ಮಾತ್ರ ದಯವಿಟ್ಟು ನನ್ನನ್ನು ಕೇಳಬೇಡಿ. ಕಳೆದ ತಿಂಗಳು ಒಬ್ಬರು ಅಂಥ ಮೂರು ಆಪ್ ತೋರಿಸಿದರು. ಮೂರರಿಂದಲೂ ದಿನವಿಡೀ ಸಂದೇಶ ಬರುತ್ತವೆ. ಅದನ್ನು ನೋಡಲು ಅವರು ಫೋನು ತೆಗೆಯುತ್ತಾರೆ.

ನಾಳೆ ಬೆಳಗ್ಗೆ ಕೆಲಸಕ್ಕೆ ಕೂರುವ ಮುಂಚೆ ಅಡುಗೆಮನೆಯಲ್ಲಿ ಒಂದು ಲೋಟ ಇಡಿ. ಈಗಿನ ಕಾಫಿ ಬೆಲೆ ನೋಡಿದರೆ ಕಾಫಿ ಬೀಜವೇ ಆಗಬೇಕು ಅಂತ ನಾನು ಹೇಳಲಾರೆ. ಹುಣಸೆ ಬೀಜ ಆದೀತು, ಅವರೆಕಾಳು ಆದೀತು. ಮೊದಲನೇ ದಿನ ಎಣಿಸುವಾಗ ಮನೆಯವರು ಯಾರಾದರೂ ಜೊತೆಗಿರಲಿ, ಇಲ್ಲದಿದ್ದರೆ ನೀವೂ ಒಂದು ಹಿಡಿ ಕಡಿಮೆಯೇ ಎಣಿಸುತ್ತೀರಿ.

ನಮಸ್ಕಾರ.