ಸಹಿ ಸರಿ, ಚಿಪ್ ಅಸಲಿಯೇ?

ಕೇಳುಗರಿಗೆ ನಮಸ್ಕಾರ. ಭಾರತದ ಹೊಸ ಪಾಸ್‌ಪೋರ್ಟಿನ ಮುಖಪುಟದಲ್ಲಿ ಚಿನ್ನದ ಬಣ್ಣದ ಪುಟ್ಟ ಗುರುತು ಕಂಡರೆ ಒಳಗೆ ಚಿಪ್ ಇದೆ ಎಂದರ್ಥ. ಬ್ಯಾಟರಿ ಇಲ್ಲ. ಚಿಪ್ ಓದುವ ಯಂತ್ರ, ಅಂದರೆ ರೀಡರ್, ಹೊಮ್ಮಿಸುವ 13.56 ಮೆಗಾಹರ್ಟ್ಸ್ ರೇಡಿಯೊ ಅಲೆಯೇ ಅದಕ್ಕೆ ವಿದ್ಯುತ್ತು.

ಹಾಗಾದರೆ ಪಕ್ಕದಲ್ಲಿ ನಿಂತವರು ಜೇಬಿನಲ್ಲಿದ್ದದ್ದನ್ನು ಓದಿಬಿಡಬಹುದೇ? ಅಷ್ಟು ಸುಲಭವಲ್ಲ. ಫೋಟೋ ಪುಟದ ಅಡಿಯಲ್ಲಿ 44 ಅಕ್ಷರಗಳ ಎರಡು ಸಾಲುಗಳಿವೆ. ಎರಡನೆಯ ಸಾಲಿನಿಂದ ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ, ಓದಿದ್ದು ಸರಿಯೇ ಎಂದು ಪರೀಕ್ಷಿಸಲು ಇರುವ ಈ ಮೂರರ ತಾಳೆ ಅಂಕಿಗಳು, ಒಟ್ಟು 24 ಅಕ್ಷರ ತೆಗೆದು ಚಿಪ್ ತೆರೆಯುವ ಕೀಲಿ ಕಟ್ಟುತ್ತಾರೆ. ನಮ್ಮ ಪಾಸ್‌ಪೋರ್ಟ್ ಸಂಖ್ಯೆಗೆ ಎಂಟೇ ಅಕ್ಷರ. ಒಂಬತ್ತನೆಯ ಜಾಗವನ್ನು ಬಾಣದ ಚಿಹ್ನೆ (<) ತುಂಬುತ್ತದೆ. ರೀಡರ್ ಅದನ್ನು ಬಿಟ್ಟರೂ, ಸೊನ್ನೆಯನ್ನು ‘ಓ’ ಎಂದು ಓದಿದರೂ ಚಿಪ್ ಬಾಯಿ ಬಿಡುವುದಿಲ್ಲ.

ಈ ಹಳೆಯ ವಿಧಾನದ ಹೆಸರು ಬ್ಯಾಕ್ (BAC). ಹುಟ್ಟಿದ ದಿನವನ್ನು ಊಹಿಸಬಹುದು, ಸಂಖ್ಯೆಗಳು ಸಾಲಾಗಿ ಬರುತ್ತವೆ. ಹಾಗಾಗಿ ಸಂಭಾಷಣೆಯನ್ನು ಕದ್ದು ದಾಖಲಿಸಿಕೊಂಡವರು ಮನೆಯಲ್ಲಿ ಕೂತು ಕೀಲಿ ಹುಡುಕಬಹುದು. ಪೇಸ್ (PACE) ಎಂಬ ಹೊಸ ವಿಧಾನ, ಕದ್ದು ಕೇಳುವವರಿಗೆ ಸಿಗದಂತೆ ಇಬ್ಬರು ಒಂದೇ ಗುಟ್ಟಿನ ಕೀಲಿಗೆ ಬರುವ ಡಿಫಿ-ಹೆಲ್ಮನ್ ಲೆಕ್ಕ ಬಳಸಿ ಈ ದಾರಿಯನ್ನು ಮುಚ್ಚುತ್ತದೆ.

ಮುಂದಿನದು ಸಹಿ. ಫೋಟೋ ಮುಂತಾದ ಪ್ರತಿ ಕಡತದಿಂದ ಲೆಕ್ಕ ಹಾಕಿ ತೆಗೆದ ಪುಟ್ಟ ಗುರುತಿಗೆ, ಅಂದರೆ ಹ್ಯಾಶ್‌ಗೆ, ಸರ್ಕಾರದ ಡಿಜಿಟಲ್ ಸಹಿ ಇರುತ್ತದೆ. ಆ ಸಹಿಯ ಬೇರು ಯಾವ ದೇಶದ ಪ್ರಮಾಣಪತ್ರ ಎಂದು ನೋಡದಿದ್ದರೆ? 2008ರಲ್ಲಿ, ಎಂದೋ ತೀರಿಕೊಂಡಿದ್ದ ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿ ಹೆಸರಿನ ನಕಲಿ ಚಿಪ್ಪನ್ನು ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣದ ಒಂದು ಯಂತ್ರ ಓದಿ, ಚಿತ್ರ ತೋರಿಸಿಯೇಬಿಟ್ಟಿತು.

ಸಹಿ ಸರಿಯಿದ್ದರೂ ಸಾಲದು. ಕಡತಗಳನ್ನೂ ಸಹಿಯನ್ನೂ ಇದ್ದ ಹಾಗೆ ಬೇರೆ ಚಿಪ್‌ಗೆ ನಕಲಿಸಿದರೆ ಸಹಿ ತಪ್ಪುವುದೇ ಇಲ್ಲ. ಆದ್ದರಿಂದ ಅಸಲಿ ಚಿಪ್ ತನ್ನೊಳಗೆ ಒಂದು ಗುಪ್ತ ಕೀಲಿ ಇಟ್ಟುಕೊಳ್ಳುತ್ತದೆ. ಅದು ಹೊರಬರುವುದಿಲ್ಲ, ಇದೆ ಎಂಬುದನ್ನು ಲೆಕ್ಕ ಮಾಡಿ ತೋರಿಸುತ್ತದೆ, ಅಷ್ಟೇ. ಇಲ್ಲೂ ಒಂದು ಸಂದಿ. ಚಿಪ್‌ನಲ್ಲಿ ಯಾವ ಕಡತಗಳಿವೆ ಎಂಬ ಸೂಚಿಗೆ ಸಹಿಯ ರಕ್ಷಣೆ ಇಲ್ಲ. ನಕಲು ಮಾಡಿದವನು ಅಲ್ಲಿಂದ ಈ ಪರೀಕ್ಷೆಯ ಕಡತದ ಹೆಸರನ್ನು ಅಳಿಸಿದರೆ, ಬೇಜವಾಬ್ದಾರಿ ರೀಡರ್ ‘ಈ ಚಿಪ್‌ಗೆ ಆ ಪರೀಕ್ಷೆ ಇಲ್ಲ’ ಎಂದು ಬಿಟ್ಟುಬಿಡುತ್ತದೆ. ಸಹಿಯಾದ ಹ್ಯಾಶ್ ಪಟ್ಟಿಯೊಂದಿಗೆ ಸೂಚಿಯನ್ನು ತಾಳೆ ನೋಡಲೇಬೇಕು.

ಬೆರಳಚ್ಚು ಇನ್ನೂ ಸೂಕ್ಷ್ಮ. ಯುರೋಪಿನ ಪಾಸ್‌ಪೋರ್ಟ್‌ಗಳಲ್ಲಿ ಅದನ್ನು ಓದಲು ರೀಡರ್‌ಗೂ ಅಲ್ಪಾವಧಿಯ ಪ್ರಮಾಣಪತ್ರ ಬೇಕು. ತೊಡಕೆಂದರೆ, ಚಿಪ್‌ನಲ್ಲಿ ಗಡಿಯಾರವಿಲ್ಲ. ತಾನು ಕೊನೆಯದಾಗಿ ನಂಬಿದ ಪ್ರಮಾಣಪತ್ರದ ದಿನಾಂಕವೇ ಅದಕ್ಕೆ ‘ಇವತ್ತು’. ವರ್ಷಗಟ್ಟಲೆ ಪ್ರಯಾಣ ಮಾಡದವರ ಪಾಸ್‌ಪೋರ್ಟ್, ಅವಧಿ ಮೀರಿದ ರೀಡರ್ ಬಂದರೂ ಒಪ್ಪಿಕೊಂಡುಬಿಡಬಹುದು.