ಮುಚ್ಚಿದ ಪಟ್ಟಿಯ ಕಥೆ

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ಸಾಮಾನ್ಯ ಜನ ಮೆಷಿನ್ ಗನ್ ಇಟ್ಟುಕೊಳ್ಳುವ ಹಾಗೇ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬರುತ್ತದೆ, ಇರಲಿ. ಅಲ್ಲಿನ ಕೇಂದ್ರ ಕಾನೂನು ಗನ್ನನ್ನು ನಿಷೇಧಿಸಿಲ್ಲ. ಅದರ ನೋಂದಣಿ ಪಟ್ಟಿಯನ್ನು ಮುಚ್ಚಿದೆ, ಅಷ್ಟೆ: ಪಟ್ಟಿಯಲ್ಲಿರುವ ಹಳೇ ಗನ್ ಕೊಳ್ಳಬಹುದು, ಹೊಸದನ್ನು ಸೇರಿಸುವ ಹಾಗಿಲ್ಲ.

1934ರ ಕಾನೂನು ಹೇಳಿದ್ದು ಇಷ್ಟು: ಗನ್ನನ್ನು ನೋಂದಾಯಿಸಿ, 200 ಡಾಲರ್ ತೆರಿಗೆ ಕಟ್ಟಿ. ಆಗ ಥಾಮ್ಸನ್ ಎಂಬ ಮೆಷಿನ್ ಗನ್ನಿನ ಬೆಲೆಯೇ ಹೆಚ್ಚುಕಡಿಮೆ ಅಷ್ಟಿತ್ತು! ಆದರೂ ದುಡ್ಡಿದ್ದವರು ಹೊಸದನ್ನು ಕೊಳ್ಳಬಹುದಿತ್ತು.

ಪಟ್ಟಿ ಮುಚ್ಚಿದ್ದು 1986ರಲ್ಲಿ. ಇದು ನನಗೆ ಬಹಳ ಇಷ್ಟದ ಪ್ರಸಂಗ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಮೆರಿಕದ ಸಂಸತ್ತಿಗೆ ಮಸೂದೆ ಬಂದಿದ್ದೇ ಬಂದೂಕಿನ ನಿಯಮ ಸಡಿಲಿಸಲು. ಏಪ್ರಿಲ್ 10ರಂದು ಚರ್ಚೆ ಮುಗಿಯುವ ಹೊತ್ತಿಗೆ ನ್ಯೂಜೆರ್ಸಿಯ ಸಂಸದ ವಿಲಿಯಂ ಹ್ಯೂಸ್ ಒಂದು ತಿದ್ದುಪಡಿ ತಂದರು: ಹೊಸ ಮೆಷಿನ್ ಗನ್ ಜನರ ಕೈಗೆ ಬೇಡ. ಸಭೆಯಲ್ಲಿ ಗದ್ದಲವೋ ಗದ್ದಲ. ಪೀಠದಲ್ಲಿದ್ದವರು ಚಾರ್ಲ್ಸ್ ರೇಂಜೆಲ್. ಧ್ವನಿಮತ ಕೇಳಿ, "ಹೌದು" ಅಂದವರೇ ಗೆದ್ದರು ಎಂದು ಸಾರಿಬಿಟ್ಟರು. ಯಾರ ಕೂಗು ಜೋರಾಗಿತ್ತು ಎಂಬ ಜಗಳ ಇವತ್ತಿಗೂ ನಿಂತಿಲ್ಲ. ಸಡಿಲಿಸುವ ಮಸೂದೆಯ ಹೊಟ್ಟೆಯಲ್ಲೇ ಬೀಗ ಬಂದು ಕೂತಿತು, ನೋಡಿ! ಮೇ 19ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು. ಅಂದಿಗೆ ಪಟ್ಟಿ ಮುಚ್ಚಿತು.

ಹೊಸ ಪರ್ಮಿಟ್ ನಿಲ್ಲಿಸಿದ ಊರಲ್ಲಿ ಹಳೇ ಆಟೋ ಪರ್ಮಿಟ್‌ಗೆ ಬೆಲೆ ಏರುತ್ತದಲ್ವಾ? ಹಾಗೇ ಆಯಿತು. ಪಟ್ಟಿಯಲ್ಲಿರುವ ಹಳೇ ಎಂ-16 ಗನ್ ಈಗ ಮೂವತ್ತು ಸಾವಿರ ಡಾಲರ್ ದಾಟುತ್ತದೆ.

ಸಡಿಲಿಕೆ ಬೇಕೆನ್ನುವವರಲ್ಲಿ ಜಾಣರು ಕಾನೂನನ್ನೇ ಕಿತ್ತುಹಾಕಿ ಅನ್ನುವುದಿಲ್ಲ. ಒಂದೊಂದೇ ಮೆಟ್ಟಿಲು ಕೇಳುತ್ತಾರೆ. ಮೊದಲು ಕ್ಷಮಾದಾನದ ಅವಧಿ. 1968ರಲ್ಲಿ ನವೆಂಬರ್‌ನಿಂದ ಡಿಸೆಂಬರ್ 1ರವರೆಗೆ ಕೊಟ್ಟಿದ್ದರು, ನೋಂದಾಯಿಸದ ಗನ್ನನ್ನು ಶಿಕ್ಷೆಯ ಭಯವಿಲ್ಲದೆ ಪಟ್ಟಿಗೆ ಸೇರಿಸಬಹುದಿತ್ತು. ಆಮೇಲೆ ತೆರಿಗೆ ವಿನಾಯಿತಿ. ಆಮೇಲೆ ಕೋರ್ಟು. ಕೋರ್ಟಿನ ಕಥೆ ದೊಡ್ಡದು, ಗಡಿಯಾರ ಬಿಡುತ್ತಿಲ್ಲ.

ತೆರಿಗೆಯ ಮೆಟ್ಟಿಲು ಆಗಲೇ ಹತ್ತಿದ್ದಾರೆ. 2026ರ ಜನವರಿ 1ರಿಂದ ಇದೇ ಕಾನೂನಿನಡಿ ಬರುವ ಬಂದೂಕಿನ ಸೈಲೆನ್ಸರ್‌ಗೂ ಗಿಡ್ಡ ನಳಿಗೆಯ ರೈಫಲ್ಲಿಗೂ ತೆರಿಗೆ ಸೊನ್ನೆ. ಆದರೆ ಮೆಷಿನ್ ಗನ್ನಿಗೆ 200 ಡಾಲರ್ ಹಾಗೇ ಇದೆ. ನನ್ನ ಕೇಳಿದರೆ, ಅದನ್ನೂ ತೆಗೆದರೆ ಏನು ಬಂತು? ಮೂವತ್ತು ಸಾವಿರದಲ್ಲಿ ಇನ್ನೂರು ಉಳಿಯುತ್ತದೆ. ಪಟ್ಟಿ ತೆರೆಯುವ ತನಕ ಇದೆಲ್ಲ ಸುಮ್ನೆ.

ಕೊಡಗಿನ ಕೋವಿ ವಿನಾಯಿತಿಯೂ ಇದೇ ತಾನೇ ಅಂತ ಕೇಳಬೇಡಿ. ಅದು ಲೈಸೆನ್ಸಿನ ವಿಷಯ, ಮೆಷಿನ್ ಗನ್ ಅದರಲ್ಲಿ ಬರುವುದೇ ಇಲ್ಲ. ನಮಸ್ಕಾರ.